ಸೀಸೆಯ ಮೇಲಿನ ತಾರೀಖು ಏನು ಹೇಳುತ್ತದೆ?

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ವಿದ್ಯಾರ್ಥಿಗಳಿಗೆ ಕಡಲೆಕಾಯಿ ಬಿತ್ತನೆಯ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬಿತ್ತನೆ ಬೀಜದ ಚೀಲ ಮನೆಗೆ ಬಂದಾಗ ಹಿರಿಯರು ಅದಕ್ಕೆ ಹೊಲಿದಿರುವ ಚೀಟಿಯನ್ನು ತಿರುಗಿಸಿ ನೋಡುತ್ತಾರೆ. ಬೀಜವನ್ನು ಯಾವಾಗ ಪರೀಕ್ಷಿಸಿದರು, ಎಲ್ಲಿಯವರೆಗೆ ಬಿತ್ತಬಹುದು ಎಂಬುದು ಅದರಲ್ಲಿರುತ್ತದೆ. ತಾರೀಖು ದಾಟಿದ್ದರೆ, ಇಲ್ಲವೇ ಚೀಲಕ್ಕೆ ತೇವ ತಗುಲಿದ್ದರೆ ಮೊಳಕೆಯ ಭರವಸೆ ಇಲ್ಲ. ಆದರೂ ಬೀಜದಲ್ಲಿ ಒಂದು ಒಳ್ಳೆಯ ಗುಣವಿದೆ. ಅದು ಸತ್ತಿದ್ದರೆ ಎಂಟು ಹತ್ತು ದಿನಗಳಲ್ಲಿ ಹೊಲವೇ ಹೇಳಿಬಿಡುತ್ತದೆ. ಖಾಲಿ ಸಾಲು ಕಣ್ಣಿಗೆ ಕಾಣುತ್ತದೆ.

ಮಗುವಿಗೆ ಹಾಕುವ ಲಸಿಕೆಯೂ ಒಂದು ಬಗೆಯ ಬಿತ್ತನೆಯೇ. ಮುಂದೆ ಬರಬಹುದಾದ ರೋಗದ ಗುರುತನ್ನು ಅದು ದೇಹದ ರಕ್ಷಣಾ ವ್ಯವಸ್ಥೆಯಲ್ಲಿ ಬಿತ್ತುತ್ತದೆ. ಆದರೆ ಶಕ್ತಿ ಕಳೆದುಕೊಂಡ ಲಸಿಕೆ ಹಾಕಿದಾಗ ಯಾವ ಖಾಲಿ ಸಾಲೂ ಕಾಣಿಸುವುದಿಲ್ಲ. ಮಗು ಎಂದಿನಂತೆ ಅಳುತ್ತದೆ, ತಾಯಿ ಕಾರ್ಡಿನಲ್ಲಿ ಗುರುತು ಬೀಳುತ್ತದೆ, ಅಮ್ಮ ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ. ಆ ನೆಮ್ಮದಿ ನಿಜವೋ ಸುಳ್ಳೋ ಎಂಬುದು ದಡಾರವೋ ಗಂಟಲಮಾರಿಯೋ ಊರಿಗೆ ಕಾಲಿಟ್ಟ ದಿನವೇ ಗೊತ್ತಾಗುವುದು.

ಅವಧಿ ಮೀರಿದ ಲಸಿಕೆಯನ್ನು ಮಕ್ಕಳಿಗೆ ಕೊಟ್ಟರು ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಆಗ ಕೆಲವರು ‘ವಿಷ ಹಾಕಿದರು’ ಎಂದು ಗಾಬರಿಯಾಗುತ್ತಾರೆ. ಇನ್ನು ಕೆಲವರು ‘ಎರಡು ದಿನ ಹೆಚ್ಚುಕಮ್ಮಿಯಾದರೆ ಏನಾಯಿತು’ ಎಂದು ತಳ್ಳಿಹಾಕುತ್ತಾರೆ. ಎರಡೂ ಸರಿಯಲ್ಲ. ಪರದೆಯ ಮೇಲಿನ ಮಾತುಕತೆಯಲ್ಲಿ ಬಿಡಿಸಿ ಹೇಳಲು ಸಮಯ ಸಾಲದ ಕೆಲವು ಅಂಶಗಳನ್ನು ಇಲ್ಲಿ ವಿವರವಾಗಿ ನೋಡೋಣ.

ಸೀಸೆಯೊಳಗೆ ಏನಿದೆ?

ಲಸಿಕೆಗಳನ್ನು ಸ್ಥೂಲವಾಗಿ ಎರಡು ಗುಂಪು ಮಾಡಬಹುದು. ಮೊದಲನೆಯದು ಜೀವಂತ ಲಸಿಕೆಗಳು. ಕ್ಷಯದ ವಿರುದ್ಧ ಕೊಡುವ ಬಿ.ಸಿ.ಜಿ., ಬಾಯಿಗೆ ಹಾಕುವ ಪೋಲಿಯೋ ಹನಿ, ದಡಾರ-ರುಬೆಲ್ಲಾ ಚುಚ್ಚುಮದ್ದು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ರೋಗ ತರುವ ಶಕ್ತಿಯನ್ನು ಕುಂದಿಸಿದ, ಆದರೆ ಜೀವವಿರುವ ರೋಗಾಣುಗಳಿರುತ್ತವೆ. ಎರಡನೆಯದು ನಿರ್ಜೀವ ಲಸಿಕೆಗಳು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮೊದಲಾದವುಗಳ ಲಸಿಕೆಗಳಲ್ಲಿ ರೋಗಾಣುವಿನ ಭಾಗಗಳೋ ನಿರ್ವಿಷಗೊಳಿಸಿದ ವಿಷವೋ ಇರುತ್ತದೆ.

ಜೀವಂತ ಲಸಿಕೆಯನ್ನು ಅರಿಯಲು ಅಡುಗೆಮನೆಯ ಹೆಪ್ಪಿನ ಉದಾಹರಣೆ ಸಾಕು. ಹೆಪ್ಪಿನಲ್ಲಿ ಜೀವವಿದ್ದರೆ ಹಾಲು ಮೊಸರಾಗುತ್ತದೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಹೆಪ್ಪುಗಟ್ಟುವುದಿಲ್ಲ. ಅದರಲ್ಲಿದ್ದ ಜೀವಾಣುಗಳು ಸತ್ತಿರುತ್ತವೆ. ಲಸಿಕೆಯಲ್ಲಿರುವ ವೈರಸ್ ಸತ್ತರೆ ಅದೂ ದೇಹದೊಳಗೆ ಬೆಳೆದು ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸಲಾರದು.

ನಿರ್ಜೀವ ಲಸಿಕೆಯಲ್ಲಿ ಸಾಯಲು ಏನೂ ಇಲ್ಲ ನಿಜ. ಆದರೆ ಅದರಲ್ಲಿರುವ ಪ್ರೋಟೀನುಗಳಿಗೆ ನಿರ್ದಿಷ್ಟ ಆಕಾರವಿದೆ. ಆ ಆಕಾರವನ್ನು ನೋಡಿಯೇ ದೇಹ ರೋಗಾಣುವಿನ ಗುರುತು ಹಿಡಿಯುವುದು. ಆಕಾರ ಕೆಟ್ಟರೆ ಗುರುತೂ ಕೆಟ್ಟಂತೆ.

ತಾರೀಖನ್ನು ಯಾರು, ಹೇಗೆ ಗೊತ್ತುಮಾಡುತ್ತಾರೆ?

ತಯಾರಕರು ಲಸಿಕೆಯ ಸೀಸೆಗಳನ್ನು ನಿಗದಿತ ಉಷ್ಣತೆಯಲ್ಲಿಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ. ನಡುನಡುವೆ ಕೆಲವನ್ನು ತೆಗೆದು ಅವುಗಳ ಶಕ್ತಿಯನ್ನು ಅಳೆಯುತ್ತಾರೆ. ಶಕ್ತಿ ಒಂದೇ ದಿನ ಮಾಯವಾಗುವುದಿಲ್ಲ, ನಿಧಾನವಾಗಿ ಇಳಿಯುತ್ತದೆ. ಅದು ಬೇಕಾದ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಬರುವುದಕ್ಕೆ ಮೊದಲೇ ಒಂದು ಗಡಿ ಹಾಕಿ, ಔಷಧ ನಿಯಂತ್ರಕರ ಒಪ್ಪಿಗೆ ಪಡೆದು ಸೀಸೆಯ ಮೇಲೆ ಅಚ್ಚು ಹಾಕುತ್ತಾರೆ. ಆದ್ದರಿಂದ ತಾರೀಖಿನ ಮಾರನೆಯ ದಿನ ಲಸಿಕೆ ವಿಷವಾಗುತ್ತದೆ ಎಂದಲ್ಲ. ಆ ದಿನದ ನಂತರ ಅದರ ಶಕ್ತಿಗೆ ಯಾರೂ ಹೊಣೆಯಲ್ಲ ಎಂದು ಅರ್ಥ. ಕೇವಲ ತಿಂಗಳು ಮತ್ತು ವರ್ಷ ಅಚ್ಚಾಗಿದ್ದರೆ ಆ ತಿಂಗಳಿನ ಕೊನೆಯ ದಿನದವರೆಗೆ ಬಳಸಬಹುದು.

ಹಾಗಿದ್ದರೆ ತಾರೀಖನ್ನು ಮುಂದಕ್ಕೆ ಹಾಕಲು ಸಾಧ್ಯವೇ? ಈಗ ಕಾಲೇಜಿನಲ್ಲಿರುವ ಹಲವರಿಗೆ ನೆನಪಿರಬಹುದು. 2022ರ ಜನವರಿ 3ರಂದು 15ರಿಂದ 18 ವರ್ಷದವರಿಗೆ ಕೋವ್ಯಾಕ್ಸಿನ್ ಹಾಕುವ ಕಾರ್ಯ ದೇಶದಾದ್ಯಂತ ಆರಂಭವಾಯಿತು. ಮಕ್ಕಳಿಗೆ ಅವಧಿ ಮೀರಿದ ಲಸಿಕೆ ಹಾಕುತ್ತಿದ್ದಾರೆ ಎಂಬ ಮಾತು ಆಗ ಎದ್ದಿತು. ಕೇಂದ್ರ ಆರೋಗ್ಯ ಸಚಿವಾಲಯ ಅಂದೇ ವಿವರಣೆ ಕೊಟ್ಟಿತು: ಔಷಧ ನಿಯಂತ್ರಣ ಸಂಸ್ಥೆಯು 2021ರ ಅಕ್ಟೋಬರ್ 25ರಂದು ಕೋವ್ಯಾಕ್ಸಿನ್ನಿನ ಬಾಳಿಕೆಯನ್ನು 9 ತಿಂಗಳಿನಿಂದ 12 ತಿಂಗಳಿಗೆ ಹೆಚ್ಚಿಸಿದೆ. ಅದಕ್ಕೆ ಮೊದಲು ಕೋವಿಶೀಲ್ಡ್ ಲಸಿಕೆಯ ಬಾಳಿಕೆಯನ್ನೂ 6ರಿಂದ 9 ತಿಂಗಳಿಗೆ ಏರಿಸಲಾಗಿತ್ತು.

ಇದು ಕಣ್ಕಟ್ಟಲ್ಲ. ಹೊಸ ಲಸಿಕೆಯೊಂದನ್ನು ತಯಾರಿಸಿ ಒಂಬತ್ತು ತಿಂಗಳಷ್ಟೇ ಆಗಿದ್ದರೆ ಹನ್ನೆರಡನೆಯ ತಿಂಗಳಿನಲ್ಲಿ ಅದು ಹೇಗಿರುತ್ತದೆಂದು ಖಚಿತವಾಗಿ ಹೇಳಲು ಯಾರಿಂದಲೂ ಆಗದು. ಸಮಯ ಕಳೆದು, ಪರೀಕ್ಷೆಯ ಫಲಿತಾಂಶ ಕೈಗೆ ಬಂದ ಮೇಲೆ ಗಡಿಯನ್ನು ಮುಂದಕ್ಕೆ ಹಾಕಬಹುದು. ಆದರೆ ಒಂದು ಮಾತನ್ನು ಮರೆಯಬಾರದು. ಗಡಿಯನ್ನು ಹಾಗೆ ಬದಲಿಸುವ ಅಧಿಕಾರವಿರುವುದು ಅಳತೆಯ ಆಧಾರದ ಮೇಲೆ ತೀರ್ಮಾನಿಸುವ ನಿಯಂತ್ರಕರಿಗೆ. ಆರೋಗ್ಯ ಕೇಂದ್ರದಲ್ಲಿ ‘ಪರವಾಗಿಲ್ಲ, ಹಾಕೋಣ’ ಎಂದು ತೀರ್ಮಾನಿಸುವಂತಿಲ್ಲ. ಅಲ್ಲದೆ ಇಂಥ ಬದಲಾವಣೆಯನ್ನು ಜನರಿಗೆ ಮುಂಚಿತವಾಗಿ ತಿಳಿಸದಿದ್ದರೆ ಗಾಬರಿ ಏಳುವುದು ಸಹಜ ಎಂಬುದನ್ನೂ ಆ ಘಟನೆ ತೋರಿಸಿತು.

ತಾರೀಖು ಅರ್ಧ ಮಾತು, ತಂಪು ಇನ್ನರ್ಧ

ಸೀಸೆಯ ಮೇಲಿನ ತಾರೀಖಿಗೆ ಒಂದು ಷರತ್ತಿದೆ. ಸೀಸೆಯನ್ನು ಸರಿಯಾದ ತಂಪಿನಲ್ಲಿ ಇಟ್ಟಿದ್ದರೆ ಮಾತ್ರ ಆ ತಾರೀಖಿಗೆ ಬೆಲೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂದು ಪಿ.ಯು. ರಸಾಯನಶಾಸ್ತ್ರದಲ್ಲಿ ಓದಿದ್ದೀರಿ. ಲಸಿಕೆ ಕೆಡುವುದೂ ಶಾಖದಲ್ಲಿ ಹೀಗೆಯೇ ಬಿರುಸಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಪಾವಗಡದ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಇದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.

ಲಸಿಕೆಗೂ ಶಾಖಕ್ಕೂ ಇರುವ ಜಗಳ ಹಳೆಯದು. ಸಿಡುಬಿನ ಲಸಿಕೆಯನ್ನು ಯುರೋಪಿನಿಂದ ಭಾರತಕ್ಕೆ ತರುವ ಹಲವು ಪ್ರಯತ್ನಗಳು ದಾರಿಯ ಬಿಸಿಲಿನಲ್ಲಿ ವಿಫಲವಾದವು. ಕೊನೆಗೆ ಬಾಗ್ದಾದ್, ಬಸ್ರಾಗಳ ಮೂಲಕ, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತ ಅದನ್ನು ಜೀವಂತವಾಗಿ ತರಬೇಕಾಯಿತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆ್ಯನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಅದನ್ನು ಹಾಕಿದರು. ಭಾರತದಲ್ಲಿ ಫಲಿಸಿದ ಮೊದಲ ಲಸಿಕೆ ಅದು. ಅಂದು ಮನುಷ್ಯರ ತೋಳುಗಳು ಮಾಡಿದ ಕೆಲಸವನ್ನು ಇಂದು ‘ಶೀತಲ ಸರಪಣಿ’ ಮಾಡುತ್ತಿದೆ.

ನಿಡುಗಲ್ಲಿನ ಕೋಟೆ ಬೆಟ್ಟದ ಕೆಳಗಿನ ಹಳ್ಳಿಯೊಂದರ ಅಂಗನವಾಡಿಗೆ ಲಸಿಕೆ ಹೇಗೆ ಬರುತ್ತದೆಂದು ಯೋಚಿಸಿ. ಬೆಂಗಳೂರಿನ ಉಗ್ರಾಣದಿಂದ ತುಮಕೂರಿನ ಜಿಲ್ಲಾ ಉಗ್ರಾಣಕ್ಕೆ ಬರಬೇಕು. ಅಲ್ಲಿಂದ ಕೊರಟಗೆರೆ, ಮಧುಗಿರಿ ದಾಟಿ ಪಾವಗಡದ ಕಡೆಗೆ ಸುಮಾರು ನೂರು ಕಿಲೋಮೀಟರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಐ.ಎಲ್.ಆರ್. ಎಂಬ ವಿಶೇಷ ಶೀತಕವಿರುತ್ತದೆ. ಇದರ ಗೋಡೆಗಳಲ್ಲಿ ಮಂಜುಗಡ್ಡೆಯ ಹೊದಿಕೆ ಇರುವುದರಿಂದ ದಿನಕ್ಕೆ 8 ಗಂಟೆ ವಿದ್ಯುತ್ ಸಿಕ್ಕರೂ ಒಳಗಿನ ತಂಪು ಉಳಿಯುತ್ತದೆ. ಇದರ ಉಷ್ಣತೆಯನ್ನು ದಿನಕ್ಕೆ ಎರಡು ಸಲ, ರಜಾದಿನಗಳಲ್ಲೂ, ಬರೆದಿಡಬೇಕು. ಲಸಿಕೆ ಹಾಕುವ ದಿನ ಬೆಳಿಗ್ಗೆ ಐಸ್ ಪ್ಯಾಕ್ ಇಟ್ಟ ಲಸಿಕೆ ಪೆಟ್ಟಿಗೆಯಲ್ಲಿ ಸೀಸೆಗಳು ಹಳ್ಳಿಗೆ ಹೊರಡುತ್ತವೆ. ಈ ಸರಪಣಿಯ ಒಂದು ಕೊಂಡಿ ಕಳಚಿದರೂ ಸಾಕು, ತಾರೀಖು ಇನ್ನೂ ಒಂದು ವರ್ಷ ಮುಂದಿದ್ದರೂ ಸೀಸೆಯ ಆಯುಷ್ಯ ಮುಗಿದಿರಬಹುದು.

ಇದನ್ನು ಕಂಡುಹಿಡಿಯುವುದು ಹೇಗೆ? ಸೀಸೆಯ ಮೇಲೆ ಒಂದು ಪುಟ್ಟ ವೃತ್ತವೂ ಅದರೊಳಗೆ ಒಂದು ಚೌಕವೂ ಇರುವುದನ್ನು ಗಮನಿಸಿ. ಇದಕ್ಕೆ ವಿ.ವಿ.ಎಂ. ಎಂದು ಹೆಸರು. 1996ರಲ್ಲಿ ಪೋಲಿಯೋ ಹನಿಯ ಸೀಸೆಗಳ ಮೇಲೆ ಇದು ಮೊದಲು ಬಂದಿತು. ಚೌಕದಲ್ಲಿರುವ ರಾಸಾಯನಿಕ ಶಾಖ ತಗುಲಿದಷ್ಟೂ ಕಪ್ಪಾಗುತ್ತ ಹೋಗುತ್ತದೆ. ಮತ್ತೆ ತಂಪಿನಲ್ಲಿಟ್ಟರೂ ಬಣ್ಣ ಹಿಂದಕ್ಕೆ ಬರುವುದಿಲ್ಲ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆಯನ್ನು ಬಳಸಬಹುದು. ವೃತ್ತದಷ್ಟೇ ಅಥವಾ ಅದಕ್ಕಿಂತ ಕಪ್ಪಾಗಿದ್ದರೆ ಎಸೆಯಬೇಕು. ಪೋಲಿಯೋ ಹನಿ 37 ಡಿಗ್ರಿಯಲ್ಲಿ ಎರಡು ದಿನ ಇದ್ದರೆ ಅದರ ಚೌಕ ಎಸೆಯುವ ಹಂತಕ್ಕೆ ಬರುತ್ತದೆ. ಹೆಪಟೈಟಿಸ್ ಬಿ ಗಟ್ಟಿಮುಟ್ಟಾದ ಲಸಿಕೆ; ಅದರ ಚೌಕ ಸುಮಾರು ಮೂವತ್ತು ದಿನ ತಡೆಯುತ್ತದೆ.

ಆದರೆ ವಿ.ವಿ.ಎಂ. ಸಹ ಎಲ್ಲವನ್ನೂ ಹೇಳುವುದಿಲ್ಲ. ಅದಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ; ಚೌಕ ತಿಳಿಯಾಗಿದ್ದರೂ ತಾರೀಖು ದಾಟಿದ್ದರೆ ಬಳಸುವಂತಿಲ್ಲ. ಅತಿಯಾದ ಚಳಿಯೂ ಅದಕ್ಕೆ ಗೊತ್ತಾಗುವುದಿಲ್ಲ. ಹೆಪಟೈಟಿಸ್ ಬಿ, ಧನುರ್ವಾಯು, ಪೆಂಟಾವಲೆಂಟ್ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣವಿರುತ್ತದೆ. ಇವು ಒಮ್ಮೆ ಹೆಪ್ಪುಗಟ್ಟಿದರೆ ಲವಣದ ಕಣಗಳು ಒಂದಕ್ಕೊಂದು ಅಂಟಿ ಗಂಟುಗಳಾಗುತ್ತವೆ. ಕರಗಿಸಿದರೂ ಶಕ್ತಿ ಮರಳಿ ಬರುವುದಿಲ್ಲ. ಕುಲುಕಿ ಇಟ್ಟರೆ ಕಣಗಳು ಬೇಗ ತಳಕ್ಕಿಳಿಯುವುದನ್ನು ನೋಡಿ ಸಿಬ್ಬಂದಿ ಇದನ್ನು ಪತ್ತೆಹಚ್ಚುತ್ತಾರೆ. ‘ಎಷ್ಟು ತಂಪೋ ಅಷ್ಟು ಒಳ್ಳೆಯದು’ ಎಂಬುದು ಇಲ್ಲಿ ತಪ್ಪು ತಿಳಿವಳಿಕೆ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಕುಲುಕಿದರೆ ನೀರಿನ ಸದ್ದು ಕೇಳಿಸುವಂತಾದ ಮೇಲೆಯೇ ಪೆಟ್ಟಿಗೆಗೆ ಇಡುವುದು ಈ ಕಾರಣಕ್ಕೆ.

ಸೀಸೆ ತೆರೆದ ಮೇಲೆ ಇನ್ನೊಂದು ಗಡಿಯಾರ

ದಡಾರ-ರುಬೆಲ್ಲಾ ಮತ್ತು ಬಿ.ಸಿ.ಜಿ. ಲಸಿಕೆಗಳು ಒಣಪುಡಿಯ ರೂಪದಲ್ಲಿರುತ್ತವೆ. ಹಾಕುವ ಮೊದಲು ಅವುಗಳಿಗೆಂದೇ ಬಂದ ದ್ರವವನ್ನು ಬೆರೆಸಬೇಕು. ಬೆರೆಸಿದ ಕ್ಷಣದಿಂದ ಹೊಸ ಗಡಿಯಾರವೊಂದು ಓಡತೊಡಗುತ್ತದೆ. ಅದರ ಅವಧಿ 4 ಗಂಟೆ ಮಾತ್ರ. ಈ ಲಸಿಕೆಗಳಲ್ಲಿ ಕೆಡದಂತೆ ತಡೆಯುವ ಸಂರಕ್ಷಕ ದ್ರವ್ಯವಿಲ್ಲ. ಇದ್ದರೆ ಲಸಿಕೆಯ ಜೀವಾಣುವೇ ಸಾಯುತ್ತದೆ. ಆದ್ದರಿಂದ ಹೊರಗಿನ ಬ್ಯಾಕ್ಟೀರಿಯಾ ಒಂದಿಷ್ಟು ಒಳಹೊಕ್ಕರೂ ಬೆಚ್ಚಗಿನ ಸೀಸೆಯಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಪೆಂಟಾವಲೆಂಟ್‌ನಂಥ ದ್ರವರೂಪದ ಕೆಲವು ಲಸಿಕೆಗಳ ನಿಯಮ ಬೇರೆ. ತೆರೆದ ತಾರೀಖು ಮತ್ತು ವೇಳೆಯನ್ನು ಸೀಸೆಯ ಮೇಲೆ ಬರೆದು, ತಂಪು ಮತ್ತು ಶುಚಿತ್ವ ಕಾಪಾಡಿದರೆ ಅವನ್ನು 28 ದಿನಗಳವರೆಗೆ ಬಳಸಬಹುದು.

ನಿಜವಾದ ಪ್ರಾಣಾಪಾಯ ಇರುವುದು ಈ ಎರಡನೆಯ ಗಡಿಯಾರವನ್ನು ಮರೆತಾಗ. 2017ರ ಮೇ ತಿಂಗಳಿನಲ್ಲಿ ದಕ್ಷಿಣ ಸುಡಾನಿನ ಕಪೋಯೆಟಾ ಪ್ರದೇಶದಲ್ಲಿ ದಡಾರ ಲಸಿಕೆ ಹಾಕುವಾಗ ಒಂದೇ ಸಿರಿಂಜನ್ನು ನಾಲ್ಕು ದಿನ ಬಳಸಿ ಲಸಿಕೆಯನ್ನು ಬೆರೆಸಿದರು. ಆ ನಾಲ್ಕೂ ದಿನ ಲಸಿಕೆಯನ್ನು ತಂಪಿನಲ್ಲಿ ಇಟ್ಟಿರಲಿಲ್ಲ. 15 ಮಕ್ಕಳು ಸತ್ತರು. ತನಿಖೆಯಲ್ಲಿ ಕಂಡುಬಂದದ್ದು ಲಸಿಕೆಯ ದೋಷವಲ್ಲ, ಕಲುಷಿತವಾದ ಸೀಸೆಯಿಂದ ಬಂದ ನಂಜು.

ನಮ್ಮ ರಾಜ್ಯವೂ ಇಂಥ ದುಃಖ ಕಂಡಿದೆ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಹಸುಳೆಗಳು ತೀರಿಕೊಂಡವು. ಲಸಿಕೆಯನ್ನು ಆರೋಗ್ಯ ಕೇಂದ್ರದ ಶೀತಕದಲ್ಲಿ ಇಡದೆ ಹೋಟೆಲೊಂದರ ಫ್ರಿಜ್ಜಿನಲ್ಲಿ ಇಟ್ಟಿದ್ದರೆಂದು ಪ್ರಾಥಮಿಕ ವಿಚಾರಣೆಯ ನಂತರ ಆರೋಗ್ಯ ಅಧಿಕಾರಿಗಳು ತಿಳಿಸಿದರು. ಇಬ್ಬರು ಸಿಬ್ಬಂದಿ ಅಮಾನತಾದರು. ಅಲ್ಲಿ ಚರ್ಚೆಗೆ ಬಂದದ್ದು ಸೀಸೆಯ ಮೇಲಿನ ತಾರೀಖಲ್ಲ, ಸೀಸೆ ಇದ್ದ ಜಾಗ. ಆಹಾರ ಇಡುವ, ಘಳಿಗೆಗೊಮ್ಮೆ ಬಾಗಿಲು ತೆರೆಯುವ ಫ್ರಿಜ್ಜು ಲಸಿಕೆಯ ಜಾಗವಲ್ಲ. ತಾರೀಖನ್ನು ಮಾತ್ರ ನೋಡಿ ಸುಮ್ಮನಾಗಬಾರದು ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಪಾಠ ಬೇಡ.

ತಾರೀಖು ದಾಟಿದ್ದನ್ನು ಕೊಟ್ಟುಬಿಟ್ಟರೆ?

2019ರ ಜನವರಿಯಲ್ಲಿ ಚೀನಾದ ಜಿಯಾಂಗ್ಸು ಪ್ರಾಂತ್ಯದ ಜಿನ್ಹು ಎಂಬಲ್ಲಿ 145 ಮಕ್ಕಳಿಗೆ ಅವಧಿ ಮೀರಿದ ಪೋಲಿಯೋ ಹನಿ ಹಾಕಿದ್ದು ಬಯಲಾಯಿತು. ಹೆತ್ತವರು ಬೀದಿಗಿಳಿದರು, ಅಧಿಕಾರಿಗಳ ಮೇಲೆ ಕ್ರಮ ಜರುಗಿತು. ಹೆತ್ತವರ ಸಿಟ್ಟು ನ್ಯಾಯವಾದದ್ದೇ. ಆದರೆ ಇಂಥ ಸಂದರ್ಭದಲ್ಲಿ ಮಗುವಿಗೆ ಇರುವ ಅಪಾಯ ಯಾವುದು ಎಂದು ತಿಳಿದಿರಬೇಕು. ಸರಿಯಾದ ತಂಪಿನಲ್ಲಿದ್ದು ತಾರೀಖು ಮಾತ್ರ ದಾಟಿದ ಲಸಿಕೆಯಿಂದ ಸಾಮಾನ್ಯವಾಗಿ ನಂಜೇರುವುದಿಲ್ಲ. ಮಗುವಿಗೆ ರಕ್ಷಣೆ ಸಿಗದೆ ಹೋಗಬಹುದು, ಅದೇ ಅಪಾಯ.

ಒಂದು ಲೆಕ್ಕ ಹಾಕಿ ನೋಡೋಣ. ಒಂಬತ್ತನೆಯ ತಿಂಗಳಿನಲ್ಲಿ ಕೊಡುವ ಮೊದಲ ದಡಾರ ಲಸಿಕೆ ಚೆನ್ನಾಗಿದ್ದರೂ ನೂರರಲ್ಲಿ ಸುಮಾರು 85 ಮಕ್ಕಳಿಗೆ ರಕ್ಷಣೆ ಕೊಡುತ್ತದೆ. ಎರಡನೆಯ ಸಲ ಕೊಡುವುದು ಉಳಿದವರ ಸಲುವಾಗಿಯೇ. ಈಗ ಒಂದು ಕಡೆ 100 ಮಕ್ಕಳಿಗೆ ಲಸಿಕೆ ಹಾಕಿದರು, ಅವರಲ್ಲಿ 20 ಮಕ್ಕಳಿಗೆ ಬಂದದ್ದು ಪೂರ್ತಿ ಶಕ್ತಿ ಕಳೆದುಕೊಂಡ ಸೀಸೆಗಳು ಎಂದುಕೊಳ್ಳಿ. ಉಳಿದ 80ರಲ್ಲಿ ಶೇಕಡ 85 ಎಂದರೆ 68. ಪುಸ್ತಕದಲ್ಲಿ ನೂರು, ನಿಜದಲ್ಲಿ ಅರವತ್ತೆಂಟು. ದಡಾರ ಹರಡದಂತೆ ತಡೆಯಲು ನೂರರಲ್ಲಿ ಸುಮಾರು 95 ಮಂದಿಗೆ ರಕ್ಷಣೆ ಬೇಕು. ಪುಸ್ತಕವನ್ನು ನಂಬಿದ ಊರು ಎಚ್ಚರ ತಪ್ಪಿರುತ್ತದೆ. ಲಸಿಕೆ ಹಾಕಿಸದ ಮಗುವನ್ನು ಹುಡುಕಿಕೊಂಡು ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಕೆಟ್ಟ ಲಸಿಕೆ ಪಡೆದ ಮಗುವನ್ನು ಯಾರೂ ಹುಡುಕುವುದಿಲ್ಲ.

ಇದಕ್ಕೆ ಪರಿಹಾರವಿದೆ, ಅದೂ ಸರಳ: ಆ ಲಸಿಕೆಯನ್ನು ಹಾಕಿದಂತೆ ಲೆಕ್ಕಕ್ಕೆ ಹಿಡಿಯದೆ ಮತ್ತೊಮ್ಮೆ ಹಾಕುವುದು. ನಿರ್ಜೀವ ಲಸಿಕೆಯಾದರೆ ಆದಷ್ಟು ಬೇಗ ಹಾಕಬಹುದು. ದಡಾರದಂಥ ಜೀವಂತ ಲಸಿಕೆಯ ಚುಚ್ಚುಮದ್ದಾದರೆ ನಾಲ್ಕು ವಾರ ಬಿಟ್ಟು ಹಾಕುವುದು ಸಾಮಾನ್ಯ ಕ್ರಮ. ಯಾವ ಮಗುವಿಗೆ ಯಾವಾಗ ಎಂಬುದನ್ನು ವೈದ್ಯಾಧಿಕಾರಿ ತೀರ್ಮಾನಿಸುತ್ತಾರೆ. ಆದರೆ ಯಾವ ಮಗುವಿಗೆ ಯಾವ ಬ್ಯಾಚಿನ ಲಸಿಕೆ ಹೋಯಿತು ಎಂಬುದು ಬರಹದಲ್ಲಿದ್ದರೆ ಮಾತ್ರ ಇದು ಸಾಧ್ಯ.

ತಪ್ಪು ಏಕೆ ನಡೆಯುತ್ತದೆ?

ಮೊದಲು ಬಂದದ್ದನ್ನು ಮೊದಲು ಬಳಸುವುದು ಅಂಗಡಿಯ ಪದ್ಧತಿ. ಲಸಿಕೆಯಲ್ಲಿ ಮೊದಲು ಅವಧಿ ಮುಗಿಯುವುದನ್ನು ಮೊದಲು ಬಳಸಬೇಕು. ನಿನ್ನೆ ಬಂದ ಸೀಸೆಯ ಅವಧಿ ಹೋದ ತಿಂಗಳು ಬಂದದ್ದಕ್ಕಿಂತ ಮೊದಲೇ ಮುಗಿಯಬಹುದು. ಹಿಂದಿನ ಸಾಲಿನಲ್ಲಿ ಮರೆತುಹೋದ ಡಬ್ಬಿ, ಮಬ್ಬಾದ ಅಚ್ಚು, ಜನ ತುಂಬಿದ ಲಸಿಕೆಯ ದಿನದ ಅವಸರ, ಹಲವು ಹಳ್ಳಿಗಳ ಹೊಣೆ ಹೊತ್ತ ಒಬ್ಬರೇ ಸಿಸ್ಟರ್ – ತಪ್ಪಿಗೆ ದಾರಿ ಇವು. ಅವಧಿ ಮುಗಿದದ್ದನ್ನು ಶೀತಕದಲ್ಲಿ ಒಂದು ಕ್ಷಣವೂ ಇಡದೆ ಬೇರೆ ಮಾಡಬೇಕೆಂಬ ನಿಯಮ ಇರುವುದು ಇದಕ್ಕಾಗಿ. ಇತ್ತೀಚಿನ ವರ್ಷಗಳಲ್ಲಿ ಇ-ವಿನ್ ಎಂಬ ವ್ಯವಸ್ಥೆಯ ಮೂಲಕ ಲಸಿಕೆಯ ದಾಸ್ತಾನು ಮತ್ತು ಶೀತಕದ ಉಷ್ಣತೆಯನ್ನು ಮೊಬೈಲಿನಲ್ಲೇ ಗಮನಿಸಲು ಸಾಧ್ಯವಾಗಿದೆ. ಆದರೂ ಕೊನೆಯ ಸಲ ಸೀಸೆಯನ್ನು ನೋಡುವುದು ಮನುಷ್ಯರ ಕಣ್ಣೇ.

ಇನ್ನೊಂದು ಕಾರಣ ಭಯ. ತಪ್ಪಾಯಿತೆಂದು ಗೊತ್ತಾದಾಗ ಶಿಕ್ಷೆಯ ಹೆದರಿಕೆಯಿಂದ ಅದನ್ನು ಮುಚ್ಚಿಟ್ಟರೆ ಆ ಮಕ್ಕಳಿಗೆ ಮತ್ತೆ ಲಸಿಕೆ ಸಿಗುವ ದಾರಿಯೇ ಮುಚ್ಚಿಹೋಗುತ್ತದೆ. ನಿರ್ಲಕ್ಷ್ಯಕ್ಕೆ ಶಿಕ್ಷೆ ಬೇಕು. ಅದರ ಜೊತೆಗೆ, ತಪ್ಪನ್ನು ತಾನಾಗಿ ಹೇಳಿದವರನ್ನು ಕೇಳಿಸಿಕೊಳ್ಳುವ ವ್ಯವಸ್ಥೆಯೂ ಬೇಕು.

ನೀವು ಮಾಡಬಹುದಾದದ್ದು

ನಿಮ್ಮ ಮನೆಯಲ್ಲಿ ತಮ್ಮನೋ ತಂಗಿಯೋ ಅಕ್ಕನ ಮಗುವೋ ಇರಬಹುದು. ಸೀಸೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲವರು ಆ ಮನೆಯಲ್ಲಿ ಬಹುಶಃ ನೀವೇ. ಲಸಿಕೆಯ ದಿನ ಜೊತೆಗೆ ಹೋಗಿ. ‘ಸಿಸ್ಟರ್, ಹಾಕೋ ಮೊದಲು ಡೇಟು ಒಂದ್ಸಲ ತೋರಿಸ್ತೀರಾ?’ ಎಂದು ಮರ್ಯಾದೆಯಿಂದ ಕೇಳಿ. ಕೇಳುವುದು ಅನುಮಾನವಲ್ಲ, ಅವರ ಎರಡು ಕಣ್ಣುಗಳ ಜೊತೆಗೆ ನಿಮ್ಮ ಎರಡು ಕಣ್ಣು.

ನೋಡಬೇಕಾದವು ನಾಲ್ಕು. ಒಂದು, ‘ಇ.ಎಕ್ಸ್.ಪಿ.’ ಎಂಬ ಅಕ್ಷರಗಳ ಮುಂದಿನ ತಾರೀಖು. ಎರಡು, ಚೌಕ ವೃತ್ತಕ್ಕಿಂತ ತಿಳಿಯಾಗಿದೆಯೇ. ಮೂರು, ಸೀಸೆಯನ್ನು ಆಗಲೇ ತೆರೆದಿದ್ದರೆ ತೆರೆದ ವೇಳೆ ಬರೆದಿದೆಯೇ. ನಾಲ್ಕು, ತಾಯಿ ಕಾರ್ಡಿನಲ್ಲಿ ಲಸಿಕೆಯ ಹೆಸರು ಮತ್ತು ತಾರೀಖು ತುಂಬಿದ್ದಾರೆಯೇ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಇರಿ. ಅನುಮಾನ ಬಂದರೆ ಬ್ಯಾಚ್ ನಂಬರು ಬರೆದುಕೊಂಡು ವೈದ್ಯಾಧಿಕಾರಿಗೆ ತಿಳಿಸಿ. ಆದರೆ ಒಂದು ಸೀಸೆ ಕೆಟ್ಟಿತೆಂದು ಲಸಿಕೆಯನ್ನೇ ಬಿಡಬೇಡಿ. ಒಂದು ಚೀಲ ಬೀಜ ಮೊಳೆಯಲಿಲ್ಲವೆಂದು ಯಾವ ರೈತನೂ ಬಿತ್ತನೆ ನಿಲ್ಲಿಸುವುದಿಲ್ಲ. ಒಳ್ಳೆಯ ಬೀಜ ಕೇಳಿ ತರುತ್ತಾನೆ.

ಯೋಚಿಸಿ ಉತ್ತರಿಸಿ

1. ಸೀಸೆಯ ಅವಧಿ ಇನ್ನೂ ಆರು ತಿಂಗಳಿದೆ, ಆದರೆ ಚೌಕ ವೃತ್ತದಷ್ಟೇ ಕಪ್ಪಾಗಿದೆ. ಬಳಸಬಹುದೇ?

2. ಬೆಳಿಗ್ಗೆ 10 ಗಂಟೆಗೆ ಬೆರೆಸಿದ ದಡಾರ-ರುಬೆಲ್ಲಾ ಲಸಿಕೆಯಲ್ಲಿ ಎರಡು ಮಕ್ಕಳಿಗೆ ಆಗುವಷ್ಟು ಉಳಿದಿದೆ. ಮಧ್ಯಾಹ್ನ 3ಕ್ಕೆ ಒಬ್ಬ ತಾಯಿ ಮಗುವನ್ನು ಕರೆತಂದರು. ಸಿಸ್ಟರ್ ಏನು ಮಾಡಬೇಕು?

3. ಹೆಪಟೈಟಿಸ್ ಬಿ ಸೀಸೆಯನ್ನು ಫ್ರೀಜರಿನಲ್ಲಿಟ್ಟರೆ ಹೆಚ್ಚು ಕಾಲ ಬಾಳುತ್ತದೆಯೇ? ಕಾರಣ ಕೊಡಿ.